ಹಳೆಯ ಕಾರಿಗೆ ಯಾವ ಕ್ಯಾಟಲಿಟಿಕ್ ಕನ್ವರ್ಟರ್?

ಹಳೇಗಾಡಿ: ನನ್ನ ಹಳೆಯ ಪೆಟ್ರೋಲ್ ಕಾರಿನ ಚೆಕ್ ಎಂಜಿನ್ ದೀಪ ಆರುತ್ತಿಲ್ಲ, ಸ್ಕ್ಯಾನರಿನಲ್ಲಿ ಪಿ0420 ಕೋಡ್ ಬರುತ್ತಿದೆ, ಅಂದರೆ ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆ. ಕಾರಿನ ಈಗಿನ ಬೆಲೆಗೆ ಹೋಲಿಸಿದರೆ ಕಂಪನಿಯ ಅಸಲಿ ಕನ್ವರ್ಟರ್ ತೀರಾ ದುಬಾರಿ. ಹಲವು ಬಗೆಯ ಕಾರುಗಳಿಗೆ ಹೊಂದಿಸಬಹುದಾದ ಅಗ್ಗದ ಯೂನಿವರ್ಸಲ್ ಕನ್ವರ್ಟರನ್ನು ವೆಲ್ಡ್ ಮಾಡಿಸಿಕೊಂಡರೆ ಸಾಲದೇ?

ಎಂಜಿನ್‌ಮಿತ್ರ: ಕೊಳ್ಳುವ ಮಾತು ಆಮೇಲಿರಲಿ. ಕನ್ವರ್ಟರಿನ ನಂತರದ ಆಕ್ಸಿಜನ್ ಸೆನ್ಸರಿನ ಸಂಕೇತವು ಮೊದಲಿನ ಸೆನ್ಸರಿನಂತೆಯೇ ಏರಿಳಿಯತೊಡಗಿದಾಗ ಈ ಕೋಡ್ ಬರುತ್ತದೆ. ಎಕ್ಸಾಸ್ಟ್ ಪೈಪಿನ ಸೋರಿಕೆಯಿಂದಲೂ ಹಾಗಾಗಬಹುದು. ಕನ್ವರ್ಟರ್ ನಿಜವಾಗಿಯೂ ಕೆಟ್ಟಿದ್ದರೆ, ಅದನ್ನು ಕೆಡಿಸಿದ್ದು ಯಾವುದು ಎಂಬುದನ್ನು ಮೊದಲು ಹುಡುಕಬೇಕು. ಮಿಸ್‌ಫೈರ್ ಆದಾಗ ಸುಡದೆ ಉಳಿದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದರ ಸೆರಾಮಿಕ್ ಜಾಲರಿಯನ್ನೇ ಕರಗಿಸಬಲ್ಲದು. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರಲ್ಲಿನ ರಂಜಕವು ಜಾಲರಿಗೆ ಬಳಿದ ಲೋಹದ ಲೇಪದ ಮೇಲೆ ಕುಳಿತು ಅದನ್ನು ನಿಷ್ಕ್ರಿಯಗೊಳಿಸುತ್ತದೆ.

ಹಳೇಗಾಡಿ: ಸೋರಿಕೆಯಿಲ್ಲ, ಮಿಸ್‌ಫೈರ್ ಕೂಡ ಇಲ್ಲ. ಆಯಿಲ್ ಮಾತ್ರ ಆಗಾಗ ತುಂಬಿಸಬೇಕಾಗುತ್ತದೆ.

ಮಿತವ್ಯಯಿ: ಹಾಗಿದ್ದರೆ ದುಬಾರಿ ಕನ್ವರ್ಟರ್ ಹಾಕಿಸಿ ಅದನ್ನೂ ಹಾಳುಮಾಡುವುದೇಕೆ? ಇನ್ನೆರಡು ವರ್ಷ ಓಡುವ ಕಾರಿಗೆ ಅಗ್ಗದ್ದೇ ಸಾಕು. ಅದೂ ಬೇಡವೆಂದರೆ ಕನ್ವರ್ಟರಿನ ನಂತರದ ಸೆನ್ಸರನ್ನು ಹೊಗೆಯ ಹರಿವಿನಿಂದ ಸ್ವಲ್ಪ ದೂರವಿಡುವ ಒಂದು ಸ್ಪೇಸರ್ ಹಾಕಿಸಿದರೆ ದೀಪ ಆರುತ್ತದೆ.

ಲೋಹಲೇಪ: ಸ್ಪೇಸರಿನಿಂದ ದೀಪ ಆರೀತು, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಕಡಿಮೆಯಾಗದು, ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇನ್ನು ಅಗ್ಗದ್ದರ ವಿಷಯ. ಕೆಲಸ ಮಾಡುವುದು ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂಗಳ ತೆಳುವಾದ ಲೇಪ. ಬೆಲೆ ಇಳಿಸಲು ಸಾಮಾನ್ಯವಾಗಿ ಕಡಿತವಾಗುವುದೂ ಆ ಲೋಹಗಳೇ, ಜೊತೆಗೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಸೀರಿಯಂ ಆಕ್ಸೈಡ್. ಹೊರಗಿನ ಸ್ಟೀಲ್ ಕವಚ ಎಷ್ಟು ಹೊಳೆದರೂ ಒಳಗಿನ ಕೊರತೆ ಕಣ್ಣಿಗೆ ಕಾಣುವುದಿಲ್ಲ. ಕೆಲವು ತಿಂಗಳಲ್ಲೇ ಅದೇ ಕೋಡ್ ಮರಳಿ ಬಂದಾಗಲಷ್ಟೇ ಗೊತ್ತಾಗುತ್ತದೆ.

ಮಿತವ್ಯಯಿ: ಸ್ಪೇಸರಿನ ಮಾತು ಬಿಡೋಣ. ಆದರೆ ಅಸಲಿ ಅಲ್ಲದ್ದೆಲ್ಲವೂ ಕಳಪೆಯೆಂದು ಹೇಳುವುದು ನ್ಯಾಯವಲ್ಲ.

ಲೋಹಲೇಪ: ಹಾಗೆ ಹೇಳಿಲ್ಲ. ನಿಮ್ಮ ಕಾರಿನ ಮಾದರಿ, ಎಂಜಿನ್ ಗಾತ್ರ ಮತ್ತು ಮಾಲಿನ್ಯ ಮಾನದಂಡವನ್ನು ನಮೂದಿಸಿ, ಪ್ರಮಾಣೀಕರಣ ಸಂಖ್ಯೆಯೊಂದಿಗೆ ಮಾರುವ ಡೈರೆಕ್ಟ್ ಫಿಟ್ (ಆ ಕಾರಿಗೆ ನೇರವಾಗಿ ಕೂರುವಂತೆ ಮಾಡಿದ) ಕನ್ವರ್ಟರ್ ಸಿಕ್ಕರೆ ಅದು ಒಳ್ಳೆಯ ಮಧ್ಯಮ ಆಯ್ಕೆ. ಯೂನಿವರ್ಸಲ್ ಕನ್ವರ್ಟರನ್ನು ಅನುಕೂಲಕ್ಕೆಂದು ಎಂಜಿನ್ನಿನಿಂದ ದೂರದಲ್ಲಿ ವೆಲ್ಡ್ ಮಾಡಿಬಿಟ್ಟರೆ, ಕೆಲಸ ಆರಂಭಿಸಲು ಬೇಕಾದ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಲುಪುವುದೇ ತಡವಾಗುತ್ತದೆ.

ಎಂಜಿನ್‌ಮಿತ್ರ: ವಾರಂಟಿ ಪತ್ರವನ್ನೂ ಓದಿ, ಆಯಿಲ್‌ನಿಂದ ಕೆಟ್ಟದ್ದಕ್ಕೆ ವಾರಂಟಿ ಸಿಗುವುದು ಅಪರೂಪ. ಆಯಿಲ್ ಯಾಕೆ ಖಾಲಿಯಾಗುತ್ತಿದೆ ಎಂದು ತಿಳಿಯಲು ಮೊದಲು ಪಿಸಿವಿ ವಾಲ್ವ್ (ಎಂಜಿನ್ನಿನ ಕೆಳಭಾಗದಲ್ಲಿ ಸೇರುವ ಅನಿಲವನ್ನು ಮತ್ತೆ ಗಾಳಿಯ ಒಳದಾರಿಗೆ ಬಿಡುವ ಕವಾಟ) ನೋಡಿಸಿ, ಅದರ ಖರ್ಚು ಕಡಿಮೆ. ಬಳಿಕ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಆಯಿಲ್ ಮೇಲೇರಿ ಉರಿಯದಂತೆ ತಡೆಯುವ ಪಿಸ್ಟನ್ ರಿಂಗ್‌ಗಳು ಸವೆದಿವೆಯೆಂದಾದರೆ ಚರ್ಚೆ ಕನ್ವರ್ಟರಿನದ್ದಲ್ಲ, ಎಂಜಿನ್ನಿನದ್ದು.

ಹಳೇಗಾಡಿ: ಪಿಸಿವಿ ವಾಲ್ವ್ ಇದುವರೆಗೆ ಯಾರೂ ಬಿಚ್ಚಿ ನೋಡಿಲ್ಲ. ಅದನ್ನು ನೋಡಿಸುವವರೆಗೆ ಕನ್ವರ್ಟರ್ ಆರ್ಡರ್ ಮಾಡುವುದಿಲ್ಲ.