ಕಾರಿನ ಸ್ಕ್ರೀನ್‌ನಲ್ಲಿ ಕನ್ನಡ ಬರೀ ಡಬ್ಬಗಳು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಪೆನ್‌ಡ್ರೈವ್‌ನಲ್ಲಿ ಹಾಡು ಹಾಕಿದರೆ ಕನ್ನಡದ ಹೆಸರೆಲ್ಲ ಖಾಲಿ ಚೌಕಗಳಾಗಿ ಕಾಣುತ್ತವೆ. ಅಪ್ಪನಿಗೆ ಯಾವ ಹಾಡು ಎಲ್ಲಿದೆ ಗೊತ್ತಾಗದೆ ನಂಬರ್ ಎಣಿಸಿಕೊಂಡು ಒತ್ತುತ್ತಾರೆ ಪಾಪ!

ಸರ್ವಿಸ್ ಸೆಂಟರ್‌ನವರು "ಅದೆಲ್ಲ ಆಗಲ್ಲ ಸರ್, ಮುಟ್ಟಿದರೆ ವಾರಂಟಿ ಹೋಗುತ್ತೆ" ಅಂದರು. ಸೆಟ್ಟಿಂಗ್ಸ್‌ನ ಲೈಸೆನ್ಸ್ ಪುಟ ನೋಡಿದರೆ ಒಳಗಿರೋದು ಲಿನಕ್ಸ್ ಅನ್ನೋ ಮುಕ್ತ ಆಪರೇಟಿಂಗ್ ಸಿಸ್ಟಂ. ಅದರ ಕರ್ನಲ್ (ತಿರುಳಿನ ಭಾಗ) ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸಿನ ಆವೃತ್ತಿ 2ರಲ್ಲಿದೆ, ಹಾಗಾಗಿ ಕರ್ನಲ್ ಸೋರ್ಸ್ ಕೋಡ್ ಕೇಳುವ ಹಕ್ಕು ನಮಗಿದೆ. ಆದರೆ ಅಪ್‌ಡೇಟ್ ಫೈಲ್‌ಗೆ ಕಂಪನಿಯ ಡಿಜಿಟಲ್ ಸಹಿ ಇಲ್ಲದಿದ್ದರೆ ಯೂನಿಟ್ ಒಪ್ಪೋದೇ ಇಲ್ಲ. ಸೋರ್ಸ್ ಕೈಗೆ ಬಂದರೂ ಬೀಗ ಹಾಗೇ. ದುಡ್ಡು ಕೊಟ್ಟಿದ್ದು ನಾನು, ಬೀಗದ ಕೈ ಅವರ ಹತ್ತಿರ!

ಅಮೆರಿಕದಲ್ಲಿ ಕಾರಿನ ಸಾಫ್ಟ್‌ವೇರ್ ಬೀಗ ತೆಗೆಯಲು 2015ರಲ್ಲಿ ಕಾಪಿರೈಟ್ ವಿನಾಯಿತಿ ಕೊಟ್ಟಾಗ ಮನರಂಜನಾ ವ್ಯವಸ್ಥೆಯನ್ನು ಹೊರಗಿಟ್ಟಿದ್ದರು, 2018ರಲ್ಲಿ ಆ ನಿರ್ಬಂಧ ಸಡಿಲಿಸಿದರು. ನಮ್ಮಲ್ಲಿ ಕಾನೂನು ಹೇಗಿದೆ, ತಿಳಿದವರು ಹೇಳಿ.

ನನಗೆ ಬೇಕಿರೋದು ಇಷ್ಟೇ: ಒಂದು ಕನ್ನಡ ಫಾಂಟ್ ಒಳಗೆ ಸೇರಿಸಬೇಕು. ಬರೀ ಫಾಂಟ್ ಹಾಕಿದರೆ ಒತ್ತಕ್ಷರ ಸರಿಯಾಗಿ ಕೂರುತ್ತಾ, ಅಥವಾ ಹಾರ್ಫ್‌ಬಝ್ ತರಹದ, ಅಕ್ಷರ ಜೋಡಿಸುವ ಸಾಫ್ಟ್‌ವೇರೂ ಬೇಕಾ? ಯಾರಾದರೂ ಇಂಜಿನಿಯರಿಂಗ್ ಮೆನು (ಮೆಕ್ಯಾನಿಕ್‌ಗಳಿಗಾಗಿ ಇರುವ ಗುಪ್ತ ಸೆಟ್ಟಿಂಗ್ಸ್) ತೆರೆದು ಮಾಡಿದ್ದೀರಾ? ಮೊದಲು ಮೂಲ ಫರ್ಮ್‌ವೇರ್ (ಯೂನಿಟ್ ಒಳಗಿನ ಸಾಫ್ಟ್‌ವೇರ್) ಬ್ಯಾಕಪ್ ತೆಗೆಯೋದು ಹೇಗೆ? ರಿವರ್ಸ್ ಕ್ಯಾಮೆರಾ ಇದೇ ಸ್ಕ್ರೀನ್‌ಗೆ ಬರೋದರಿಂದ ಅದು ಕೆಟ್ಟರೆ ಮನೇಲಿ ನನಗೆ ಉಳಿಗಾಲವಿಲ್ಲ.

"ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿ" ಅನ್ನಬೇಡಿ ದಯವಿಟ್ಟು. ಎಸಿ ಕಂಟ್ರೋಲೂ ಇದರಲ್ಲೇ ಇದೆ.