ರಬ್ಬರ್ ಬೂಟು ಕಲಿಸಿದ ಜರ್ಮನ್

ಜರ್ಮನ್ನರು ನಮ್ಮನ್ನು ಹತ್ತಿರ ಸೇರಿಸಲ್ಲ ಅನ್ನೋ ಮಾತು ಇಲ್ಲಿ ಜರ್ಮನಿಯಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆ ಬಂದೇ ಬರುತ್ತದೆ. ನಾನೂ ಹಾಗೆ ಹೇಳಿಕೊಂಡು ತಿರುಗಿದವನೇ. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಬಾಯಿ ಸ್ವಲ್ಪ ಕಟ್ಟಿತು.

ಶಾಲೆಯಲ್ಲಿ ಎಲ್ಟರ್ನ್‌ಆಬೆಂಡ್, ಅಂದರೆ ಸಂಜೆ ಅಪ್ಪ ಅಮ್ಮಂದಿರ ಸಭೆ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕೂತಿದ್ದೆ. ಟೀಚರ್ ಮುಕ್ಕಾಲು ಗಂಟೆ ಮಾತಾಡಿದರು. ಎಲ್ಲರೂ ನಕ್ಕಾಗ ನಕ್ಕೆ. ಬರೆದುಕೊಂಡಾಗ ಸುಮ್ನೆ ಪೆನ್ನು ಆಡಿಸಿದೆ. ಮಾರನೇ ವಾರ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋದರು. ಎಲ್ಲರ ಕಾಲಲ್ಲೂ ರಬ್ಬರ್ ಬೂಟು, ನನ್ನ ಮಗಳದ್ದು ಮಾತ್ರ ಬಿಳಿ ಕ್ಯಾನ್ವಾಸ್ ಶೂ. ಕೆಸರು ಮೆತ್ತಿಕೊಂಡು ಮನೆಗೆ ಬಂದವಳು ಅಳಲಿಲ್ಲ. "ಅಪ್ಪಾ, ಮುಂದಿನ ಸಲ ಮೀಟಿಂಗಿಗೆ ನಾನೂ ಬರ್ತೀನಿ" ಅಂದಳು.

ಆಗ ನಾನು ಇಲ್ಲಿಗೆ ಬಂದು ಆರು ವರ್ಷ. ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಓದಿದವರಿಗೆ ಕೆಲಸದ ಮೇಲೆ ಕೊಡುವ ವಾಸದ ಪರವಾನಗಿ ಬ್ಲೂ ಕಾರ್ಡಿಗೆ ಜರ್ಮನ್ ಕೇಳಲ್ಲ. ಅದಿದ್ದರೆ ಖಾಯಂ ವಾಸದ ಪರವಾನಗಿಗೂ ಈಗ 27 ತಿಂಗಳ ಕೆಲಸ ಮತ್ತು ಎ1, ಅಂದರೆ ತೀರಾ ಆರಂಭದ ಮಟ್ಟದ ಜರ್ಮನ್ ಸಾಕು. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದು "ಕನ್ನಡ ಗೊತ್ತಿಲ್ಲ" ಅನ್ನೋರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಇಲ್ಲಿ ನಾನೇ ಅವರು!

ಹಾಗಂತ ತಪ್ಪೆಲ್ಲ ನಮ್ಮದೇ ಅಲ್ಲ. 1961ರಲ್ಲಿ ಜರ್ಮನಿಯವರು ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡರು. ಇಟ್ಟ ಹೆಸರು ಗಾಸ್ಟ್‌ಆರ್ಬೈಟರ್, ಅತಿಥಿ ಕೆಲಸಗಾರ. ಅತಿಥಿ ಅಂದಮೇಲೆ ಒಂದು ದಿನ ಹೊರಡುತ್ತಾನೆ ಅಂತ ಲೆಕ್ಕ. ಹೊರಡುವವನಿಗೆ ಭಾಷೆ ಯಾಕೆ? ಸರ್ಕಾರ ದೇಶಕ್ಕೆಲ್ಲ ಇಂಟಿಗ್ರೇಷನ್ ಕೋರ್ಸ್ ಶುರು ಮಾಡಿದ್ದು 2005ರಲ್ಲಿ. ಅಷ್ಟರಲ್ಲಿ ಆ ಅತಿಥಿಗಳಿಗೆ ಮೊಮ್ಮಕ್ಕಳಾಗಿದ್ದರು.

ನಮ್ಮವರದ್ದು ಇನ್ನೊಂದು ಚಟ ಇದೆ. ನಾವು ಓದಿ ಬಂದವರು, ಟ್ಯಾಕ್ಸ್ ಕಟ್ಟೋರು, ಆ ನಿರಾಶ್ರಿತರ ಥರ ಅಲ್ಲ ಅನ್ನೋದು. ಟ್ರಾಮಿನಲ್ಲಿ ಕುಡಿದವನೊಬ್ಬ ನನಗೆ "ನಿಮ್ಮೂರಿಗೆ ಹೋಗು" ಅಂದಾಗ ಸಂಬಳದ ಚೀಟಿ ತೋರಿಸು ಅಂತೇನೂ ಕೇಳಲಿಲ್ಲ.

ಬೂಟಿನ ಕಥೆ ಆದಮೇಲೆ ಸಂಜೆ ಕ್ಲಾಸಿಗೆ ಸೇರಿದೆ. ಪಕ್ಕದಲ್ಲಿ ಕೂರುತ್ತಿದ್ದವರು ಸಿರಿಯಾದಿಂದ ಓಡಿ ಬಂದ ಒಬ್ಬ ಬಡಗಿ. ಜರ್ಮನ್ ನಾಮಪದಗಳ ಹಿಂದೆ ಲಿಂಗಕ್ಕೆ ತಕ್ಕಂತೆ ಬರುವ ನನ್ನ ಡೇರ್, ಡೀ, ದಾಸ್ ತಿದ್ದುತ್ತಿದ್ದವರು ಅವರೇ. ನಡು ಮಟ್ಟದ ಬಿ1 ಪರೀಕ್ಷೆಯನ್ನೂ ನನಗಿಂತ ಮೊದಲೇ ಪಾಸು ಮಾಡಿದರು.

ಈ ಸಲದ ಸಭೆಯಲ್ಲಿ ಕೈ ಎತ್ತಿ ಒಂದು ಪ್ರಶ್ನೆ ಕೇಳಿದೆ. ಇವರಿಗೆ ಭಾಷೆ ಬರುತ್ತೆ ಅಂದುಕೊಂಡು ಟೀಚರ್ ಇನ್ನೂ ಜಾಸ್ತಿ ವೇಗದಲ್ಲಿ ಉತ್ತರ ಕೊಟ್ಟರು. ಅರ್ಧ ಅರ್ಥವಾಯಿತು. ಒಂದು ಪದ ಮಾತ್ರ ದೊಡ್ಡದಾಗಿ ಬರೆದುಕೊಂಡೆ: ಗುಮ್ಮಿಶ್ಟೀಫೆಲ್, ರಬ್ಬರ್ ಬೂಟು.