ಒಂದೇ ಹೆಸರಿನ ಮೂರು ರಸ್ತೆ, ಆಂಬುಲೆನ್ಸ್ ಯಾವುದಕ್ಕೆ ಬರಬೇಕು? ಹೆಸರು ಬದಲಿಸಿದವರು ಅನುಭವ ಹೇಳಿ

ಕೇಳಿದವರು:

ನಮ್ಮ ಬಡಾವಣೆ ಮತ್ತು ಅಕ್ಕಪಕ್ಕದ ಎರಡು ಬಡಾವಣೆಗಳು ಈಗ ಒಂದೇ ಆಡಳಿತಕ್ಕೆ ಸೇರಿವೆ. ಹೀಗಾಗಿ ‘ಕೆರೆ ರಸ್ತೆ’ ಅನ್ನೋದು ಮೂರಾಗಿದೆ. ಸಾಲದ್ದಕ್ಕೆ ‘ಕೆರೆಕೋಡಿ ರಸ್ತೆ’ ಅಂತ ಇನ್ನೊಂದು ಇದೆ. ಈಚೆಗೆ ಹಿರಿಯರೊಬ್ಬರಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಬೇರೆ ಕೆರೆ ರಸ್ತೆಗೆ ಹೋಗಿ ಮನೆ ಹುಡುಕುತ್ತಿತ್ತು. ಅವರು ಉಳಿದರು. ಎರಡು ರಸ್ತೆಗಳ ಹೆಸರು ಬದಲಿಸಿ ಅಂತ ಅರ್ಜಿ ಕೊಡಬೇಕು ಅಂದುಕೊಂಡಿದ್ದೇವೆ, ಆದರೆ ತುಂಬಾ ಜನ ಒಪ್ಪುತ್ತಿಲ್ಲ. ಯಾವ ರಸ್ತೆಯ ಹೆಸರು ಬದಲಿಸಬೇಕು, ಹೊಸ ಹೆಸರು ಹೇಗೆ ಆರಿಸಬೇಕು, ಆಮೇಲೆ ಏನೇನು ತೊಂದರೆ ಬರುತ್ತದೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ತುರ್ತು ಕರೆ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡಿದವರು:

ಮೊದಲೇ ಹೇಳಿಬಿಡುತ್ತೇನೆ, ಬದಲಿಸಿ. ಹೃದಯ ನಿಂತವರಿಗೆ ಎದೆ ಒತ್ತುವುದು, ಶಾಕ್ ಕೊಡುವುದು ಶುರುವಾಗದೆ ಹೋದರೆ ಉಳಿಯುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ತಪ್ಪು ರಸ್ತೆಗೆ ಹೋಗಿ, ಮನೆ ಹುಡುಕಿ, ಮತ್ತೆ ಫೋನ್ ಮಾಡಿ, ಗಾಡಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಏನು ಉಳಿದಿರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಫೋನ್ ಮಾಡುವವರಿಗೆ ಅದೇ ಹೆಸರಿನ ಇನ್ನೊಂದು ರಸ್ತೆ ಇದೆ ಅಂತ ಗೊತ್ತೇ ಇರುವುದಿಲ್ಲ. ಅವರ ಪಾಲಿಗೆ ಕೆರೆ ರಸ್ತೆ ಇರುವುದು ಒಂದೇ. ಅದಕ್ಕೇ ಬಡಾವಣೆ ಹೆಸರು ಹೇಳುವುದಿಲ್ಲ. ನಾವು ಟೈಪ್ ಮಾಡಿದರೆ ತೆರೆಯ ಮೇಲೆ ಮೂರು ಸಾಲು ಬರುತ್ತವೆ. ‘ಯಾವ ಕೆರೆ ರಸ್ತೆ?’ ಅಂತ ಕೇಳಿದರೆ ‘ಅದೇ, ಕೆರೆ ರಸ್ತೆ, ಬೇಗ ಬನ್ನಿ’ ಅನ್ನುತ್ತಾರೆ. ಅವರ ತಪ್ಪಲ್ಲ. ಎದುರಿಗೆ ಮನೆಯವರು ಬಿದ್ದಿರುವಾಗ ಯಾರಿಗೆ ತಾನೇ ಸಮಾಧಾನ ಇರುತ್ತದೆ?

ಫೋನೇ ಜಾಗ ತೋರಿಸುತ್ತದಲ್ಲ ಅಂತ ಕೇಳುವವರಿದ್ದಾರೆ. ತೋರಿಸುತ್ತದೆ, ಅದರಿಂದ ಬಹಳ ಉಪಯೋಗವೂ ಆಗಿದೆ. ಆದರೆ ಕಟ್ಟಡದ ಒಳಗೆ ಸಿಗ್ನಲ್ ಕಡಿಮೆ ಇದ್ದರೆ ಜಾಗ ಅಂದಾಜಿಗೆ ಮಾತ್ರ ಸಿಗುತ್ತದೆ. ಇನ್ನು, ಅಮ್ಮ ಮನೆಯಲ್ಲಿ ಬಿದ್ದಿದ್ದಾರೆ ಅಂತ ಬೇರೆ ಊರಿನಿಂದ ಮಗ ಕರೆ ಮಾಡಿದರೆ ಫೋನ್ ತೋರಿಸುವುದು ಮಗ ಇರುವ ಜಾಗವನ್ನು! ಆಗ ನಮಗೆ ಉಳಿಯುವುದು ಬಾಯಲ್ಲಿ ಹೇಳಿದ ವಿಳಾಸ ಒಂದೇ.

ಹೊಸ ಹೆಸರನ್ನು ಕಾಗದದ ಮೇಲೆ ಬರೆದು ನೋಡಬೇಡಿ, ಕಿವಿಯಿಂದ ಪರೀಕ್ಷೆ ಮಾಡಿ. ನಿಮ್ಮ ಕಡೆಯ ಪರಿಚಯವೇ ಇಲ್ಲದ ಒಬ್ಬರಿಗೆ ಫೋನ್ ಮಾಡಿ, ಹಿಂದೆ ಟೀವಿ ಸದ್ದು ಇರಲಿ, ಹೆಸರನ್ನು ಒಮ್ಮೆ ಬೇಗ ಹೇಳಿ, ಅವರು ಬರೆದುಕೊಂಡದ್ದು ಸರಿಯಿದೆಯಾ ನೋಡಿ. ಮೊದಲ ಅಕ್ಷರವೇ ಬೇರೆ ಇದ್ದರೆ ಬಹಳ ಒಳ್ಳೆಯದು. ‘ತೋಟದ ರಸ್ತೆ’, ‘ತೋಪಿನ ರಸ್ತೆ’ ಬರೆದರೆ ಬೇರೆ ಬೇರೆ, ಅಳುತ್ತಾ ಹೇಳಿದರೆ ಎರಡೂ ಒಂದೇ. ಹಾಗೇ ‘ಉತ್ತರ ಕೆರೆ ರಸ್ತೆ’, ‘ದಕ್ಷಿಣ ಕೆರೆ ರಸ್ತೆ’ ಅಂತ ಮಾಡಿ ಕೈತೊಳೆದುಕೊಳ್ಳಬೇಡಿ. ಗಾಬರಿಯಲ್ಲಿ ಜನ ಮೊದಲು ಬಿಡುವುದೇ ಉತ್ತರ, ದಕ್ಷಿಣ, ಅಡ್ಡ, ಮುಖ್ಯ ಇಂಥವನ್ನು. ಈ ಕಾರಣಕ್ಕೇ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನವರು ಒಟ್ಟಾಗಿ ಮಾಡಿಕೊಂಡಿರುವ ವಿಳಾಸದ ಮಾನದಂಡದಲ್ಲಿ, ಒಂದೇ ಹೆಸರಷ್ಟೇ ಅಲ್ಲ, ಕೇಳಲು ಒಂದೇ ತರ ಇರುವ ಹೆಸರುಗಳೂ ಹತ್ತಿರ ಹತ್ತಿರ ಇರಬಾರದು ಅಂತ ನಿಯಮ ಇದೆ. ಆ ಲೆಕ್ಕದಲ್ಲಿ ನಿಮ್ಮ ಕೆರೆಕೋಡಿ ರಸ್ತೆಯೂ ಪಟ್ಟಿಗೆ ಸೇರಬೇಕು. ಎರಡಲ್ಲ, ಮೂರು ಬದಲಿಸಬೇಕಾಗುತ್ತದೆ.

ಹೆಸರು ಗಟ್ಟಿ ಮಾಡುವ ಮೊದಲು ನಿಮ್ಮ ಕಡೆಯ ಕಂಟ್ರೋಲ್ ರೂಮಿಗೆ ಪಟ್ಟಿ ಕಳಿಸಿ, ಅವರ ವ್ಯಾಪ್ತಿಯಲ್ಲಿ ಇಂಥ ಹೆಸರು ಬೇರೆ ಇದೆಯಾ ಅಂತ ಕೇಳಿ. ಜನರ ಓಟು ಆದಮೇಲೆ ಕೇಳಿದರೆ ‘ಈ ಹೆಸರು ಆಗಲೇ ಇದೆ’ ಅನ್ನುವ ಉತ್ತರ ಬಂದು ಎಲ್ಲ ಮೊದಲಿಂದ ಶುರುವಾಗುತ್ತದೆ.

ನಿವಾಸಿಗಳ ಸಮಿತಿಯಲ್ಲಿದ್ದವರು:

ಮೇಲೆ ಹೇಳಿದ್ದೆಲ್ಲ ನಿಜ. ಇನ್ನು ಜನರನ್ನು ಒಪ್ಪಿಸುವ ವಿಷಯ ಹೇಳುತ್ತೇನೆ, ಕಷ್ಟ ಇರುವುದೇ ಅಲ್ಲಿ.

ನಮ್ಮಲ್ಲಿ ‘ಯಾವುದು ಹಳೇ ರಸ್ತೆಯೋ ಅದರ ಹೆಸರು ಉಳಿಯಲಿ’ ಅಂತ ವಾದ ಶುರುವಾಗಿ ತಿಂಗಳುಗಟ್ಟಲೆ ಎಳೆಯಿತು, ಯಾಕೆಂದರೆ ಪ್ರತಿಯೊಬ್ಬರೂ ತಮ್ಮದೇ ಹಳೆಯದು ಅನ್ನುತ್ತಿದ್ದರು ಮತ್ತು ಯಾರ ಹತ್ತಿರವೂ ಕಾಗದ ಇರಲಿಲ್ಲ. ಕೊನೆಗೆ ಎಲ್ಲರೂ ಒಪ್ಪಿದ್ದು ಬಾಗಿಲು ಎಣಿಸುವ ಲೆಕ್ಕಕ್ಕೆ. ಜಾಸ್ತಿ ಮನೆ ಇರುವ ರಸ್ತೆ ಹೆಸರು ಉಳಿಸಿಕೊಳ್ಳಲಿ, ಕಮ್ಮಿ ಮನೆ ಇರುವವು ಬದಲಾಗಲಿ. ತೊಂದರೆ ಆಗುವವರ ಸಂಖ್ಯೆ ಕಡಿಮೆ ಆಗುತ್ತದೆ, ಅಲ್ವಾ? ಆಸ್ಪತ್ರೆಯೋ ಶಾಲೆಯೋ ಇದ್ದರೆ ಅದನ್ನೂ ಗಮನಿಸಿ, ಹೊರಗಿನವರು ದಿನಾ ಹುಡುಕಿಕೊಂಡು ಬರುವ ಜಾಗ ಅದು. ಹೊಸ ಹೆಸರು ಆರಿಸುವ ಹಕ್ಕು ಮಾತ್ರ ಹೆಸರು ಕಳೆದುಕೊಳ್ಳುವ ರಸ್ತೆಯವರಿಗೇ ಇರಲಿ. ಉಳಿದವರು ಅದರಲ್ಲಿ ಕೈ ಹಾಕಬಾರದು.

ವಿರೋಧಿಸುವವರು ಹಟಮಾರಿಗಳು ಅಂದುಕೊಳ್ಳಬೇಡಿ. ಒಬ್ಬ ಅಜ್ಜಿ ‘ಈ ಹೆಸರಿನ ರಸ್ತೆಗೇ ನಾನು ಮದುವೆಯಾಗಿ ಬಂದದ್ದು’ ಅಂದರು. ಆ ಮಾತಿಗೆ ಬೆಲೆ ಇದೆ. ಹಳೆ ಹೆಸರನ್ನು ಅಲ್ಲಿನ ಉದ್ಯಾನಕ್ಕೆ ಇಡೋಣ ಅಂದಮೇಲೆ ಅವರೇ ಮೊದಲು ಸಹಿ ಹಾಕಿದರು.

ಜನರ ನಿಜವಾದ ಭಯ ಕಾಗದಪತ್ರದ್ದು. ಬ್ಯಾಂಕು, ವಿಮೆ, ಚಾಲನಾ ಪರವಾನಗಿ, ಆಸ್ತಿ ಪತ್ರ, ಕರೆಂಟ್ ಬಿಲ್ಲು, ಮಕ್ಕಳ ಶಾಲೆ, ಎಲ್ಲ ಕಡೆ ಓಡಾಡಬೇಕಲ್ಲ ಅಂತ. ಇದಕ್ಕೆ ಎರಡು ಕೇಳಿ ಪಡೆಯಿರಿ. ಒಂದು, ಹಳೆ ವಿಳಾಸ ಮತ್ತು ಹೊಸ ವಿಳಾಸ ಎರಡೂ ಒಂದೇ ಮನೆಯದು ಅಂತ ಆಡಳಿತವೇ ಮುದ್ರೆ ಹಾಕಿ ಪ್ರತಿ ಮನೆಗೂ ಕೊಡುವ ಪತ್ರ. ಎರಡು, ಎರಡೂ ಹೆಸರು ನಡೆಯುವ ಒಂದು ಅವಧಿ. ದಕ್ಷಿಣ ಕೊರಿಯಾದಲ್ಲಿ ಇಡೀ ದೇಶವನ್ನೇ ನಿವೇಶನ ಸಂಖ್ಯೆಯ ವಿಳಾಸದಿಂದ ರಸ್ತೆ ಹೆಸರಿನ ವಿಳಾಸಕ್ಕೆ ಬದಲಿಸಿದಾಗ, 2011ರಿಂದ ಎರಡನ್ನೂ ಜೊತೆಗೆ ನಡೆಸಿ 2014ರ ಜನವರಿಯಿಂದ ಹೊಸದನ್ನು ಪೂರ್ತಿ ಜಾರಿಗೆ ತಂದರು. ಇದನ್ನು ಸಭೆಯಲ್ಲಿ ಹೇಳಿದರೆ ಜನಕ್ಕೆ ಧೈರ್ಯ ಬರುತ್ತದೆ.

ಇನ್ನೊಬ್ಬರು:

ಹೆಸರು ಯಾಕೆ ಬದಲಿಸಬೇಕು, ಪ್ರತಿ ಮನೆಗೂ ಒಂದು ಕೋಡ್ ಕೊಟ್ಟರೆ ಸಾಕಲ್ವಾ? ಐರ್ಲೆಂಡ್‌ನಲ್ಲಿ 2015ರಲ್ಲಿ ಐರ್‌ಕೋಡ್ ತಂದರು. ಅಲ್ಲಿ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಒಂದೇ ವಿಳಾಸ ಇತ್ತು, ಈಗ ಪ್ರತಿ ವಿಳಾಸಕ್ಕೂ ಬೇರೆ ಬೇರೆ ಏಳಕ್ಷರದ ಗುರುತು.

ಕಂಟ್ರೋಲ್ ರೂಮಿನವರು:

ಕೋಡ್ ಇದ್ದರೆ ಬೇಡ ಅನ್ನುವುದಿಲ್ಲ, ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಆದರೆ ಮನೆಗೆ ಬಂದ ನೆಂಟರಿಗೆ, ಏಳು ವರ್ಷದ ಮಗುವಿಗೆ, ರಸ್ತೆಯಲ್ಲಿ ಅಪಘಾತ ನೋಡಿದವರಿಗೆ ಆ ಕೋಡ್ ಗೊತ್ತಿರುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಬೋರ್ಡ್. ಎರಡೂ ಇರಲಿ.

ಆಂಬುಲೆನ್ಸ್ ಓಡಿಸುವವರು:

ಎಲ್ಲರೂ ಹೆಸರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ದಯವಿಟ್ಟು ಮನೆ ನಂಬರನ್ನೂ ಸರಿ ಮಾಡಿ. ರಸ್ತೆ ಸರಿಯಾಗಿ ಸಿಕ್ಕಿ, 14 ಆದಮೇಲೆ 52, ಅದಾದಮೇಲೆ 9 ಬಂದರೆ ರಾತ್ರಿ ಹೊತ್ತು ನಾವು ಬಾಗಿಲು ಬಾಗಿಲು ಟಾರ್ಚ್ ಬಿಡಬೇಕು. ಹೆಸರು ಬದಲಾಗುವಾಗ ಹೇಗೂ ಎಲ್ಲ ಪತ್ರ ಬದಲಾಗುತ್ತದೆ, ಅದರ ಜೊತೆಯಲ್ಲೇ ನಂಬರನ್ನೂ ಸಾಲಾಗಿ ಕೊಡಿಸಿ. ಒಂದು ಕಡೆ ಬೆಸ, ಇನ್ನೊಂದು ಕಡೆ ಸಮ. ಷಿಕಾಗೋದಲ್ಲಿ 1909ರಿಂದ ಶುರುಮಾಡಿ ಇಡೀ ನಗರದ ನಂಬರನ್ನು ಒಂದೇ ಕ್ರಮಕ್ಕೆ ತಂದರು, ಎರಡೆರಡು ಕಡೆ ಇದ್ದ ರಸ್ತೆ ಹೆಸರುಗಳನ್ನೂ ಬದಲಿಸಿದರು. ಮನೆಗಳು ದೂರ ದೂರ ಇದ್ದರೆ ಆಸ್ಟ್ರೇಲಿಯಾದ ಹಳ್ಳಿಗಳ ಪದ್ಧತಿ ನನಗೆ ಬಹಳ ಹಿಡಿಸಿದೆ. ರಸ್ತೆ ಶುರುವಾದ ಜಾಗದಿಂದ ಗೇಟಿಗೆ ಎಷ್ಟು ಮೀಟರ್ ಅಂತ ಅಳೆದು ಹತ್ತರಿಂದ ಭಾಗಿಸಿ ನಂಬರ್ ಕೊಡುತ್ತಾರೆ. ಅಂದರೆ 250 ನಂಬರ್ ಅಂದರೆ ಎರಡೂವರೆ ಕಿಲೋಮೀಟರ್. ಮನೆ ಕಾಣುವ ಮೊದಲೇ ಎಷ್ಟು ದೂರ ಹೋಗಬೇಕು ಅಂತ ಗೊತ್ತಾಗುತ್ತದೆ. ಮಧ್ಯೆ ಹೊಸ ಮನೆ ಬಂದರೂ ಕ್ರಮ ಕೆಡುವುದಿಲ್ಲ.

ಬೋರ್ಡ್ ರಸ್ತೆಯ ಎರಡೂ ತುದಿಯಲ್ಲಿ ಇರಲಿ, ಗಾಡಿಯ ಬೆಳಕಿಗೆ ಹೊಳೆಯುವ ಬಣ್ಣದ್ದೇ ಇರಲಿ, ಮರದ ಕೊಂಬೆ ಅಡ್ಡ ಬಾರದಿರಲಿ.

ಮ್ಯಾಪ್ ತಿದ್ದುವ ಹವ್ಯಾಸದವರು:

ಫೋನಿನ ಮ್ಯಾಪ್ ಬೇರೆ, ಕಂಟ್ರೋಲ್ ರೂಮಿನ ಮ್ಯಾಪ್ ಬೇರೆ. ಫೋನಿನಲ್ಲಿ ಹೊಸ ಹೆಸರು ಬಂತು ಅಂತ ಸುಮ್ನೆ ಕೂರಬೇಡಿ. ಆದೇಶದ ಪ್ರತಿಯನ್ನು ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್, ಅಂಚೆ, ವಿದ್ಯುತ್, ಎಲ್ಲರಿಗೂ ಬೇರೆ ಬೇರೆಯಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಜಾರಿಯಾಗುವ ತಾರೀಖು ಎಲ್ಲದರಲ್ಲೂ ಒಂದೇ ಇರಲಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಳೆ ಹೆಸರು ಬರೆಯಲು ಬೇರೆ ಜಾಗವೇ ಇದೆ, ಅದನ್ನು ಅಳಿಸದೆ ಅಲ್ಲಿಗೆ ಸಾಗಿಸಿ.

ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಬಾಗಿಲು ಎಣಿಸುವ ಲೆಕ್ಕ ಮತ್ತು ಆಡಳಿತದ ಪತ್ರ, ಈ ಎರಡನ್ನು ಮುಂದಿನ ಸಭೆಯಲ್ಲಿ ಇಡುತ್ತೇವೆ. ಒಂದು ಕೊನೆಯ ಪ್ರಶ್ನೆ. ಬೋರ್ಡಿನಲ್ಲಿ ಹಳೆ ಹೆಸರನ್ನೂ ಬರೆಸಬಹುದಾ? ಆದೇಶ ಆಗುವವರೆಗೆ ನಾವೇನು ಮಾಡಬೇಕು?

ಕಂಟ್ರೋಲ್ ರೂಮಿನವರು:

ಬರೆಸಬಹುದು. ಹೊಸದು ದೊಡ್ಡದಾಗಿ, ಕೆಳಗೆ ಸಣ್ಣದಾಗಿ ‘ಮೊದಲು ಕೆರೆ ರಸ್ತೆ’ ಅಂತ. ಜನ ಹೊಸದನ್ನು ತಾವಾಗಿಯೇ ಹೇಳತೊಡಗಿದ ಮೇಲೆ ಕೆಳಗಿನ ಸಾಲು ತೆಗೆಸಿ. ಕಂಟ್ರೋಲ್ ರೂಮಿನ ದಾಖಲೆಯಲ್ಲಿ ಮಾತ್ರ ಹಳೆ ಹೆಸರು ಎಂದೂ ಹೋಗಬಾರದು. ಎಷ್ಟೋ ವರ್ಷ ಆದಮೇಲೂ ಯಾರಾದರೂ ಅದೇ ಹೆಸರು ಹೇಳುತ್ತಾರೆ. ಬಿಟ್ಟ ಹೆಸರನ್ನು ಅಕ್ಕಪಕ್ಕದ ಇನ್ನೊಂದು ಹೊಸ ರಸ್ತೆಗೆ ಕೊಡಲೂ ಬೇಡಿ.

ಆದೇಶ ಬರುವವರೆಗೆ ಮೂರೂ ಕೆರೆ ರಸ್ತೆಯ ಪ್ರತಿ ಮನೆಗೂ ಒಂದು ಚೀಟಿ ಹಂಚಿ, ಈ ವಾರವೇ. ಬಡಾವಣೆ ಹೆಸರು ಮೊದಲು, ಆಮೇಲೆ ರಸ್ತೆ, ಮನೆ ನಂಬರ್, ಹತ್ತಿರದ ದೊಡ್ಡ ಗುರುತು. ಫೋನ್ ಮಾಡಿದವರು ಅದನ್ನು ನೋಡಿಕೊಂಡೇ ಓದಲಿ, ಇನ್ನೊಬ್ಬರು ರಸ್ತೆಯ ಬಾಯಿಗೆ ಹೋಗಿ ಗಾಡಿ ಕಾಣುವವರೆಗೆ ಕೈ ಬೀಸುತ್ತಾ ನಿಂತಿರಲಿ.